ಪಟ್ಟಿಗೆ ಸಿಗದ ಸಂಖ್ಯೆ: ಕ್ಯಾಂಟರ್ ತಪ್ಪೆಂದು ನಂಬಿರುವವರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಗಣಿತಾಸಕ್ತರೇ,

ನಿಮ್ಮಲ್ಲಿ ನಿವೃತ್ತ ಎಂಜಿನಿಯರುಗಳಿದ್ದೀರಿ, ಬ್ಯಾಂಕಿನಲ್ಲಿ ದುಡಿದವರಿದ್ದೀರಿ, ಇನ್ನೂ ಬಿ.ಎಸ್ಸಿ. ಓದುತ್ತಿರುವ ಹುಡುಗ ಹುಡುಗಿಯರೂ ಇದ್ದೀರಿ. ವಯಸ್ಸು, ಊರು, ಕೆಲಸ ಬೇರೆಬೇರೆಯಾದರೂ ನಿಮ್ಮೆಲ್ಲರ ನಂಬಿಕೆ ಒಂದೇ: ಗಣಿತಜ್ಞ ಜಾರ್ಜ್ ಕ್ಯಾಂಟರ್ ಎಡವಿದ್ದಾನೆ, ಅನಂತದಲ್ಲಿ ಹಿರಿದು ಕಿರಿದು ಎಂಬುದಿಲ್ಲ, ಅವನ ಕರ್ಣವಾದದಲ್ಲಿ ಎಲ್ಲೋ ಒಂದು ತೂತಿದೆ, ಆ ತೂತು ನಿಮ್ಮ ಕಣ್ಣಿಗೆ ಬಿದ್ದಿದೆ. ಗಣಿತ ಕಲಿಸುವವರಿಗೆಲ್ಲ ಇಂಥ ಬರಹಗಳು ಬರುತ್ತಿರುತ್ತವೆ. ಬಹುಪಾಲು ಉತ್ತರ ಕಾಣದೆ ಹೋಗುತ್ತವೆ. ಹಾಗಾಗಬಾರದು ಎಂಬ ಕಾರಣಕ್ಕೆ ಈ ಪತ್ರ.

ನೀವು ಒಂಟಿಯಲ್ಲ. ಬ್ರಿಟನ್ನಿನ ತರ್ಕಶಾಸ್ತ್ರಜ್ಞ ವಿಲ್ಫ್ರಿಡ್ ಹಾಜಸ್ ಅವರು ಸಂಪಾದಕರಾಗಿ ಮತ್ತು ವಿಮರ್ಶಕರಾಗಿ ತಮ್ಮ ಕೈಗೆ ಬಂದ ಇಂಥ ಖಂಡನೆಗಳನ್ನು ಕುರಿತೇ 1998ರಲ್ಲಿ ಒಂದು ಲೇಖನ ಬರೆದರು. ಗಣಿತದಲ್ಲಿ ಇಷ್ಟೊಂದು ಪ್ರಮೇಯಗಳಿರುವಾಗ, ಯಾರಿಗೂ ಕೇಡು ಮಾಡದ ಈ ಪುಟ್ಟ ವಾದದ ಮೇಲೇ ಜನ ಯಾಕೆ ಇಷ್ಟು ಶ್ರಮ ಸುರಿಯುತ್ತಾರೆ ಎಂಬುದು ಅವರನ್ನು ಕಾಡಿದ ಪ್ರಶ್ನೆ. ನನಗೆ ತೋಚುವ ಕಾರಣ ಇದು. ಈ ವಾದ ಅರ್ಧ ಪುಟದಲ್ಲಿ ಮುಗಿಯುತ್ತದೆ, ಹೈಸ್ಕೂಲು ದಾಟಿದ ಯಾರಿಗಾದರೂ ಓದಲು ಬರುತ್ತದೆ, ಮತ್ತು ಅದರ ಫಲಿತಾಂಶ ನಾವು ಹುಟ್ಟಿನಿಂದ ನಂಬಿಕೊಂಡು ಬಂದದ್ದಕ್ಕೆ ನೇರ ಎದುರಾಗಿದೆ. ಕೈಗೆಟಕುವ ಹಾಗಿದ್ದೂ ನಂಬಲು ಆಗದ ಮಾತು ಎದುರಾದಾಗ ಸುಮ್ಮನೆ ತಲೆಯಾಡಿಸದೆ ಜಗಳಕ್ಕೆ ನಿಲ್ಲುವುದು ಒಳ್ಳೆಯ ಓದುಗರ ಲಕ್ಷಣ. ಆದ್ದರಿಂದ ನಿಮ್ಮ ಜಗಳದ ಬಗ್ಗೆ ನನಗೆ ಗೌರವವಿದೆ. ನನ್ನ ತಕರಾರು, ಆ ಜಗಳ ನಡೆಯುತ್ತಿರುವ ಜಾಗದ ಬಗ್ಗೆ.

ಮೊದಲು ಅಳತೆಯ ವಿಷಯ. ಎರಡು ಗಣಗಳು ಸಮ ಎಂದು ಯಾವಾಗ ಹೇಳಬೇಕು? ಮದುವೆಯ ಊಟದ ಪಂಕ್ತಿಯಲ್ಲಿ ಎಲೆಗಳನ್ನೂ ಎಣಿಸುವುದು ಬೇಡ, ಜನರನ್ನೂ ಎಣಿಸುವುದು ಬೇಡ. ಎಲೆಗೊಬ್ಬರಂತೆ ಕೂತಾಗ ಒಂದು ಎಲೆಯೂ ಖಾಲಿ ಉಳಿಯದೆ, ಒಬ್ಬರೂ ನಿಂತಿರದೆ ಇದ್ದರೆ ಎರಡೂ ಸಮ. ಕ್ಯಾಂಟರ್ ಹಿಡಿದದ್ದು ಇದನ್ನೇ: ಒಂದಕ್ಕೊಂದು ಜೋಡಿಸಲು ಬಂದರೆ ಸಮ. ಪರಿಮಿತ ಗಣಗಳಲ್ಲಿ ಯಾರು ಎಲ್ಲಿ ಕೂತರೂ ಫಲಿತಾಂಶ ಬದಲಾಗುವುದಿಲ್ಲ. ಒಂದು ಸಲ ಒಬ್ಬರು ನಿಂತರೆ, ಹೇಗೆ ಕೂರಿಸಿದರೂ ಒಬ್ಬರು ನಿಲ್ಲಲೇಬೇಕು. ಅನಂತ ಗಣಗಳಲ್ಲಿ ಈ ಭರವಸೆ ಉಳಿಯುವುದಿಲ್ಲ. ಸಮಸಂಖ್ಯೆಗಳನ್ನು ಸ್ವಾಭಾವಿಕ ಸಂಖ್ಯೆಗಳ ಪಕ್ಕ ಹಾಗೆಯೇ ಇಟ್ಟರೆ, 2ಕ್ಕೆ 2, 4ಕ್ಕೆ 4 ಎಂದು, ಬೆಸಸಂಖ್ಯೆಗಳೆಲ್ಲ ಜೊತೆಯಿಲ್ಲದೆ ಉಳಿಯುತ್ತವೆ. 1ಕ್ಕೆ 2, 2ಕ್ಕೆ 4, 3ಕ್ಕೆ 6 ಎಂದು ಇಟ್ಟರೆ ಯಾರೂ ಉಳಿಯುವುದಿಲ್ಲ. ಅವೇ ಎರಡು ಗಣಗಳು. ಒಂದು ಜೋಡಣೆ ಸೋತಿತು, ಇನ್ನೊಂದು ಗೆದ್ದಿತು.

ಗೆಲಿಲಿಯೊ ಇದನ್ನು ವರ್ಗಸಂಖ್ಯೆಗಳಲ್ಲಿ ಕಂಡಿದ್ದ. 1638ರಲ್ಲಿ ಪ್ರಕಟವಾದ ತನ್ನ ಸಂವಾದಗ್ರಂಥದಲ್ಲಿ, ಪ್ರತಿ ಸಂಖ್ಯೆಗೂ ಒಂದು ವರ್ಗ ಇರುವುದರಿಂದ ವರ್ಗಗಳು ಸಂಖ್ಯೆಗಳಷ್ಟೇ ಇವೆ ಎಂದು ತೋರಿಸಿ, ಹೀಗಾಗಿ ಹೆಚ್ಚು, ಕಡಿಮೆ, ಸಮ ಎಂಬ ಮಾತುಗಳು ಅನಂತಕ್ಕೆ ಹೊಂದುವುದಿಲ್ಲ ಎಂದು ಕೈಬಿಟ್ಟ. ಭಾಗಕ್ಕಿಂತ ಪೂರ್ಣ ದೊಡ್ಡದು ಎಂಬ ಯೂಕ್ಲಿಡನ ಮಾತು ಅವನ ಬೆನ್ನಿಗಿತ್ತು. ಕ್ಯಾಂಟರನ ಗೆಳೆಯ ರಿಚರ್ಡ್ ಡೆಡೆಕಿಂಡ್ 1888ರಲ್ಲಿ ತಿರುಗಿ ನಿಂತ. ತನ್ನದೇ ಒಂದು ಭಾಗದೊಂದಿಗೆ ಪೂರ್ತಿ ಜೋಡಿಯಾಗಬಲ್ಲ ಗಣವನ್ನೇ ಅನಂತ ಎಂದು ಕರೆಯೋಣ ಎಂದ. ಗೆಲಿಲಿಯೊಗೆ ಗೋಡೆಯಾಗಿದ್ದದ್ದು ಡೆಡೆಕಿಂಡನಿಗೆ ಬಾಗಿಲಾಯಿತು.

ಭಾಗ ಪೂರ್ಣಕ್ಕಿಂತ ಕಿರಿದು ಎಂಬ ಅಳತೆಯನ್ನೇ ಉಳಿಸಿಕೊಳ್ಳುತ್ತೇವೆ ಎಂದು ನಿಮ್ಮಲ್ಲಿ ಕೆಲವರು ಹಟ ಹಿಡಿಯುತ್ತೀರಿ. ಉಳಿಸಿಕೊಳ್ಳಿ, ಅದರಲ್ಲಿ ವಿರೋಧಾಭಾಸವೇನಿಲ್ಲ. ಆದರೆ ಅದರಿಂದ ಎಷ್ಟು ದೂರ ಹೋಗಬಹುದು ನೋಡಿ. ಬೆಸಸಂಖ್ಯೆಗಳನ್ನೂ ಅವಿಭಾಜ್ಯ ಸಂಖ್ಯೆಗಳನ್ನೂ ಹೋಲಿಸಿ ಎಂದರೆ ಆ ಅಳತೆ ಮೌನವಾಗುತ್ತದೆ, ಯಾಕೆಂದರೆ 2 ಬೆಸವಲ್ಲ, 9 ಅವಿಭಾಜ್ಯವಲ್ಲ, ಯಾವುದೂ ಯಾವುದರೊಳಗೂ ಇಲ್ಲ. ಅದು ಅನಂತ ಗಣಗಳನ್ನು ಹೋಲಿಸುವ ಒಂದು ರೀತಿ, ಜೋಡಣೆ ಇನ್ನೊಂದು ರೀತಿ. ಒಂದು ರೀತಿಯ ಉತ್ತರವನ್ನು ಇನ್ನೊಂದರ ತಪ್ಪು ಎಂದು ತೋರಿಸಲು ಬರುವುದಿಲ್ಲ. ಕ್ಯಾಂಟರನ ವ್ಯಾಖ್ಯೆಯನ್ನು ಬೇಡ ಎನ್ನುವ ಸ್ವಾತಂತ್ರ್ಯ ನಿಮಗಿದೆ. ವ್ಯಾಖ್ಯೆಯನ್ನು ಒಪ್ಪಿದ ಮೇಲೆ ಫಲಿತಾಂಶವನ್ನು ಬೇಡ ಎನ್ನುವ ಸ್ವಾತಂತ್ರ್ಯ ಯಾರಿಗೂ ಇಲ್ಲ.

ಎರಡು ಗಣಗಳು ಸಮ ಎನ್ನಲು ಗೆಲ್ಲುವ ಒಂದೇ ಒಂದು ಜೋಡಣೆ ಸಾಕು. ಸಮವಲ್ಲ ಎನ್ನಲು ಒಂದು ಜೋಡಣೆ ಸೋತರೆ ಸಾಲದು, ನೂರು ಸೋತರೂ ಸಾಲದು. ಎಲ್ಲ ಜೋಡಣೆಗಳೂ, ಇನ್ನೂ ಯಾರೂ ಯೋಚಿಸದವೂ ಸೋಲಬೇಕು. ನಾನು ಓದಿದ ಖಂಡನೆಗಳಲ್ಲಿ ಬಹುತೇಕ ಎಲ್ಲವೂ ಈ ಒಂದು ಜಾಗದಲ್ಲೇ ಕಾಲು ಜಾರುತ್ತವೆ.

ಈಗ ಕರ್ಣವಾದ. ವಾಸ್ತವ ಸಂಖ್ಯೆಗಳನ್ನು ಸ್ವಾಭಾವಿಕ ಸಂಖ್ಯೆಗಳೊಂದಿಗೆ ಜೋಡಿಸಲಾಗದು, ಅಂದರೆ ಒಂದನೆಯದು, ಎರಡನೆಯದು ಎಂದು ಪಟ್ಟಿ ಮಾಡಲಾಗದು ಎಂಬುದು ಅದರ ಸಾರ. ಸೊನ್ನೆಗೂ ಒಂದಕ್ಕೂ ನಡುವಿನ ವಾಸ್ತವ ಸಂಖ್ಯೆಗಳ ಯಾವುದಾದರೂ ಒಂದು ಪಟ್ಟಿ ಕೊಡಿ. ಒಂದನೆಯ ಸಾಲು 0.4152…, ಎರಡನೆಯದು 0.3333…, ಮೂರನೆಯದು 0.7182…, ನಾಲ್ಕನೆಯದು 0.5000…, ಹೀಗೆ ಕೊನೆಯಿಲ್ಲದೆ. ಒಂದನೆಯ ಸಾಲಿನ ಒಂದನೆಯ ಅಂಕಿ, ಎರಡನೆಯ ಸಾಲಿನ ಎರಡನೆಯ ಅಂಕಿ, ಮೂರನೆಯದರ ಮೂರನೆಯ ಅಂಕಿ ನೋಡುತ್ತ ಓರೆಯಾಗಿ ಇಳಿಯಿರಿ: 4, 3, 8, 0… ಅಲ್ಲಿ 4 ಕಂಡರೆ 5 ಬರೆಯಿರಿ, ಬೇರೆ ಏನು ಕಂಡರೂ 4 ಬರೆಯಿರಿ. ಸಿಗುವುದು 0.5444… ಈ ಸಂಖ್ಯೆ ಒಂದನೆಯ ಸಾಲಲ್ಲ, ಒಂದನೆಯ ಅಂಕಿ ಬೇರೆ. ಎರಡನೆಯದಲ್ಲ, ಎರಡನೆಯ ಅಂಕಿ ಬೇರೆ. ಸಾವಿರದ ಸಾಲೂ ಅಲ್ಲ, ಅಲ್ಲಿ ಸಾವಿರದ ಅಂಕಿ ಬೇರೆ. ಆದ್ದರಿಂದ ಅದು ನೀವು ಕೊಟ್ಟ ಪಟ್ಟಿಯಲ್ಲಿಲ್ಲ. 0.4999… ಮತ್ತು 0.5 ಒಂದೇ ಸಂಖ್ಯೆಯ ಎರಡು ರೂಪಗಳಲ್ಲವೇ ಎಂಬ ಶಂಕೆಗೆ ಇಲ್ಲಿ ಜಾಗವಿಲ್ಲ. ನಮ್ಮ ಹೊಸ ಸಂಖ್ಯೆಯಲ್ಲಿ 4 ಮತ್ತು 5 ಬಿಟ್ಟು ಬೇರೆ ಅಂಕಿಯಿಲ್ಲ, ಎರಡು ರೂಪ ಇರುವುದು ಸೊನ್ನೆಗಳಲ್ಲಿ ಅಥವಾ ಒಂಬತ್ತುಗಳಲ್ಲಿ ಮುಗಿಯುವ ಸಂಖ್ಯೆಗಳಿಗೆ ಮಾತ್ರ.

ನಿಮ್ಮ ಅತಿ ಸಾಮಾನ್ಯ ಆಕ್ಷೇಪ: ಬಿಟ್ಟುಹೋದ ಸಂಖ್ಯೆಯನ್ನು ಪಟ್ಟಿಯ ತಲೆಗೆ ಸೇರಿಸಿಬಿಟ್ಟರೆ ಆಯಿತಲ್ಲ, ಕೊನೆಯಿಲ್ಲದಷ್ಟು ಕೋಣೆಗಳಿರುವ ಹಿಲ್ಬರ್ಟನ ಕಾಲ್ಪನಿಕ ಹೋಟೆಲಿನಲ್ಲಿ ಎಲ್ಲರನ್ನೂ ಒಂದೊಂದು ಕೋಣೆ ಮುಂದೆ ಸರಿಸಿ ಹೊಸ ಅತಿಥಿಗೆ ಕೋಣೆ ಮಾಡಿಕೊಟ್ಟ ಹಾಗೆ? ಸೇರಿಸಿ. ಈಗ ನಿಮ್ಮ ಕೈಯಲ್ಲಿ ಬೇರೊಂದು ಪಟ್ಟಿಯಿದೆ, ಅದಕ್ಕೆ ಬೇರೊಂದು ಕರ್ಣವಿದೆ, ಆ ಕರ್ಣದಿಂದ ಹುಟ್ಟುವ ಬೇರೊಂದು ಸಂಖ್ಯೆ ಹೊರಗುಳಿಯುತ್ತದೆ. ಕ್ಯಾಂಟರ್ ಒಂದು ಪಟ್ಟಿಯನ್ನು ಸೋಲಿಸಿ ಗೆದ್ದೆ ಎನ್ನಲಿಲ್ಲ. ನೀವು ಯಾವುದನ್ನು ತಂದರೂ ಅದಕ್ಕೊಂದು ಉತ್ತರ ಕೊಡುವ ವಿಧಾನವನ್ನು ಅವನು ಮೊದಲೇ ಬರೆದಿಟ್ಟಿದ್ದಾನೆ. ಸರಿಪಡಿಸಿದ ಪಟ್ಟಿಯೂ ಆ ವಿಧಾನದ ಕೈಗೇ ಬರುತ್ತದೆ. ಕೊನೆಯಲ್ಲಿ, ಎಲ್ಲ ಸಾಲುಗಳೂ ಆದ ಮೇಲೆ ಸೇರಿಸುತ್ತೇವೆ ಎಂದರೂ ಫಲವಿಲ್ಲ. ಆ ಕೊನೆಯದನ್ನು ತಲೆಗೆ ತಂದು ಉಳಿದವನ್ನು ಒಂದೊಂದು ಸಾಲು ಕೆಳಗಿಳಿಸಿದರೆ ಮತ್ತೆ ಸಾಧಾರಣ ಪಟ್ಟಿಯೇ.

ಎರಡನೆಯ ಆಕ್ಷೇಪ ಹೆಚ್ಚು ಜಾಣತನದ್ದು, ಅದರಲ್ಲಿ ತುಸು ಹೊತ್ತು ನಿಲ್ಲೋಣ. ನೀವು ಬರೆಯುತ್ತೀರಿ: ಮೊದಲು ಒಂದು ಅಂಕಿಯ ದಶಮಾಂಶಗಳು, 0.1ರಿಂದ 0.9. ಆಮೇಲೆ ಎರಡು ಅಂಕಿಯವು, 0.01ರಿಂದ 0.99. ಆಮೇಲೆ ಮೂರು ಅಂಕಿಯವು. ಹೀಗೆ ಹೋದರೆ ಯಾವುದೂ ತಪ್ಪಿಸಿಕೊಳ್ಳುವುದಿಲ್ಲ. ಸ್ವಾಭಾವಿಕ ಸಂಖ್ಯೆಗಳನ್ನು ದಶಮಾಂಶ ಚುಕ್ಕೆಯ ಕನ್ನಡಿಯಲ್ಲಿ ಹಿಡಿದಂತೆ ಎಲ್ಲವೂ ಸಿಕ್ಕವು.

ನನ್ನ ಪ್ರಶ್ನೆ ಒಂದೇ. ಮೂರನೆಯ ಒಂದು, ಅಂದರೆ 0.333…, ಎಷ್ಟನೆಯ ಸಾಲಿನಲ್ಲಿದೆ? ಒಂದು ಅಂಕಿಯ ಗುಂಪಿನಲ್ಲಿ 0.3 ಇದೆ, ಎರಡರ ಗುಂಪಿನಲ್ಲಿ 0.33 ಇದೆ, ಹತ್ತರ ಗುಂಪಿನಲ್ಲಿ ಹತ್ತು ಮೂರುಗಳಿರುವ ಸಂಖ್ಯೆ ಇದೆ. ಹತ್ತಿರ ಹತ್ತಿರ ಹೋಗುತ್ತೀರಿ, ಆದರೆ 0.333… ತಾನೇ ಯಾವ ಗುಂಪಿನಲ್ಲೂ ಇಲ್ಲ, ಯಾಕೆಂದರೆ ಪ್ರತಿ ಗುಂಪಿನಲ್ಲೂ ಇರುವುದು ಎಲ್ಲೋ ಒಂದು ಕಡೆ ನಿಲ್ಲುವ ದಶಮಾಂಶಗಳು ಮಾತ್ರ. ಪೈಯ ದಶಮಾಂಶ ಭಾಗವಿಲ್ಲ, ಎರಡರ ವರ್ಗಮೂಲದ್ದೂ ಇಲ್ಲ, ಕೊನೆಗೆ ಮೂರನೆಯ ಒಂದೂ ಇಲ್ಲ. ಸಾಲುಗಳು ಕೊನೆಯಿಲ್ಲದಷ್ಟಿವೆ, ಆದರೆ ಪ್ರತಿ ಸಾಲಿನ ಕ್ರಮಾಂಕ ಪರಿಮಿತ. ಎಷ್ಟು ಬೇಕಾದರೂ ಉದ್ದವಾಗಬಹುದು ಎಂಬುದೂ ಅನಂತವಾಗಿ ಉದ್ದವಾಗಿದೆ ಎಂಬುದೂ ಒಂದೇ ಅಲ್ಲ. ಪ್ರತಿ ಹಂತದಲ್ಲೂ ಪಟ್ಟಿ ಆ ಹಂತದ ದಶಮಾಂಶಗಳನ್ನೆಲ್ಲ ಹಿಡಿದಿದೆ ಎಂಬುದು ನಿಜ. ಹಂತಗಳೆಲ್ಲ ಆದ ಮೇಲೆ ಎಲ್ಲ ದಶಮಾಂಶಗಳೂ ಸಿಕ್ಕಿರುತ್ತವೆ ಎಂಬುದು ಅದರಿಂದ ಬರುವುದಿಲ್ಲ.

ಇದೇ ಕನ್ನಡಿಯನ್ನು ತಿರುಗಿಸಿ ಹಿಡಿದಾಗ ಮೂರನೆಯ ಆಕ್ಷೇಪ ಬರುತ್ತದೆ. ಸ್ವಾಭಾವಿಕ ಸಂಖ್ಯೆಗಳನ್ನೇ ಪಟ್ಟಿ ಮಾಡಿ, ಎಡಕ್ಕೆ ಸೊನ್ನೆಗಳನ್ನು ತುಂಬಿ, …0001, …0002, …0003, ಕರ್ಣದ ಅಂಕಿಗಳನ್ನು ಬದಲಿಸಿದರೆ ಪಟ್ಟಿಯಲ್ಲಿಲ್ಲದ ಸಂಖ್ಯೆ ಸಿಗುತ್ತದಲ್ಲ? ಹಾಗಿದ್ದರೆ ಸ್ವಾಭಾವಿಕ ಸಂಖ್ಯೆಗಳನ್ನೂ ಪಟ್ಟಿ ಮಾಡಲಾಗದು ಎಂದಾಗಿ, ವಾದವೇ ಅಸಂಬದ್ಧವಾಯಿತಲ್ಲ? ಸಿಕ್ಕದ್ದು ಏನೆಂದು ನೋಡಿ. ಎಡಕ್ಕೆ ಕೊನೆಯೇ ಇಲ್ಲದೆ 4, 5 ಅಂಕಿಗಳು ಸಾಗುವ ಒಂದು ಸಾಲು. ಅದು ಸ್ವಾಭಾವಿಕ ಸಂಖ್ಯೆಯಲ್ಲ; ಪ್ರತಿ ಸ್ವಾಭಾವಿಕ ಸಂಖ್ಯೆಗೂ ಎಡಗಡೆ ಒಂದು ಮೊದಲ ಅಂಕಿ ಇದ್ದೇ ಇರುತ್ತದೆ. ಕರ್ಣದಿಂದ ಹುಟ್ಟಿದ್ದು ಪಟ್ಟಿಯ ಹೊರಗಿದೆ, ಜೊತೆಗೆ ಗಣದ ಹೊರಗೂ ಇದೆ. ಹೊರಗಿನದು ಪಟ್ಟಿಯಲ್ಲಿ ಇಲ್ಲದಿದ್ದರೆ ಪಟ್ಟಿಗೇನೂ ಕೊರತೆಯಿಲ್ಲ.

ಆದರೂ ಈ ಆಕ್ಷೇಪದಲ್ಲಿ ನನಗೆ ನಿಜವಾಗಿ ಇಷ್ಟವಾಗುವ ಒಂದು ಸಂಗತಿಯಿದೆ. ಎಡಕ್ಕೆ ಅನಂತವಾಗಿ ಸಾಗುವ ಅಂಕಿಗಳ ಸಾಲುಗಳನ್ನು ಕೂಡಲು, ಗುಣಿಸಲು ಬರುತ್ತದೆ. 1897ರಲ್ಲಿ ಕುರ್ಟ್ ಹೆನ್ಸೆಲ್ ಅಂಥವುಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದ. ಇಂದಿನ ಸಂಖ್ಯಾಸಿದ್ಧಾಂತ ಅವಿಲ್ಲದೆ ನಡೆಯದು. ಮತ್ತು ಆ ಸಾಲುಗಳ ಗಣವನ್ನು ನಿಜಕ್ಕೂ ಪಟ್ಟಿ ಮಾಡಲಾಗದು. ಅಂದರೆ ನೀವು ಮಾಡಿದ ಲೆಕ್ಕ ಸರಿ, ಅದು ಬೇರೊಂದು ಗಣದ ಬಗ್ಗೆ ನಿಜವಾದ ಪ್ರಮೇಯ.

ಭಾಗಲಬ್ಧ ಸಂಖ್ಯೆಗಳ ಪಟ್ಟಿಗೆ ಕರ್ಣ ಎಳೆದವರಿಗೂ ಇದೇ ಉತ್ತರ. ಆ ಸಂಖ್ಯೆಗಳನ್ನು ಪಟ್ಟಿ ಮಾಡಬಹುದು: ಅಂಶ ಛೇದಗಳ ಮೊತ್ತ 2 ಇರುವವು, 3 ಇರುವವು, 4 ಇರುವವು ಎಂದು ಸಾಗಿದರೆ ಪ್ರತಿಯೊಂದಕ್ಕೂ ಒಂದು ಸಾಲು ಸಿಗುತ್ತದೆ. ಆ ಪಟ್ಟಿಯ ಕರ್ಣದಿಂದ ಹುಟ್ಟುವುದು ಅಭಾಗಲಬ್ಧ ಸಂಖ್ಯೆ. ವಿರೋಧವೇ ಇಲ್ಲ.

ಇನ್ನೂ ಒಂದು ಆಕ್ಷೇಪಕ್ಕೆ ನಾನು ಬೇರೆ ರೀತಿಯ ಗೌರವ ಕೊಡುತ್ತೇನೆ: ಅನಂತ ಪಟ್ಟಿ ಎಂದೂ ಮುಗಿಯುವುದಿಲ್ಲ, ಆದ್ದರಿಂದ ಕರ್ಣವೂ ಮುಗಿಯುವುದಿಲ್ಲ, ಮುಗಿಯದ ಸಂಖ್ಯೆಯನ್ನು ಇದೆ ಎನ್ನುವುದು ಹೇಗೆ? ಇದರ ಹಿಂದೆ ದೊಡ್ಡ ಪರಂಪರೆಯಿದೆ. ಬರ್ಲಿನ್ನಿನ ಲಿಯೊಪೋಲ್ಡ್ ಕ್ರೊನೆಕರ್ ಮುಗಿದ ಅನಂತವನ್ನು ಒಪ್ಪಲೇ ಇಲ್ಲ. ಮುಂದೆ ಡಚ್ ಗಣಿತಜ್ಞ ಬ್ರೌವರ್, ಕಟ್ಟಿ ತೋರಿಸಲಾಗದ್ದನ್ನು ಗಣಿತ ಎನ್ನಬಾರದು ಎಂದು ಒಂದು ಪಂಥವನ್ನೇ ಬೆಳೆಸಿದ. ಆದರೆ ಗಮನಿಸಿ, ಆ ಪಂಥದವರೂ ಕರ್ಣವಾದವನ್ನು ತಳ್ಳಿಹಾಕಲಿಲ್ಲ. ಪಟ್ಟಿಯ ಯಾವ ಸಾಲಿನ ಯಾವ ಅಂಕಿಯನ್ನಾದರೂ ಹೇಳುವ ನಿಯಮ ನಿಮ್ಮಲ್ಲಿದ್ದರೆ, ಹೊಸ ಸಂಖ್ಯೆಯ ಯಾವ ಅಂಕಿಯನ್ನಾದರೂ ಹೇಳುವ ನಿಯಮ ನನ್ನಲ್ಲಿದೆ. ಕರ್ಣ ನಿಜವಾಗಿ ಕಟ್ಟಿಕೊಡುವ ವಾದ. ನೀವು ಮುಗಿದ ಅನಂತವನ್ನೇ ಬೇಡ ಎನ್ನುವುದಾದರೆ ಎಲ್ಲ ಕಡೆಯೂ ಬೇಡ ಎನ್ನಬೇಕು: ಪಟ್ಟಿಯೂ ಬೇಡ, ಎಲ್ಲ ಸ್ವಾಭಾವಿಕ ಸಂಖ್ಯೆಗಳ ಗಣವೂ ಬೇಡ, ಪೈಯ ಎಲ್ಲ ಅಂಕಿಗಳೂ ಬೇಡ. ಅದು ನೇರವಾದ, ಕಷ್ಟದ ದಾರಿ. ಅನಂತ ಪಟ್ಟಿಯನ್ನು ಪೂರ್ತಿ ಕೈಗೆ ತೆಗೆದುಕೊಂಡು, ಕರ್ಣ ಬಂದಾಗ ಮಾತ್ರ ಅದು ಮುಗಿಯುವುದಿಲ್ಲ ಎಂದರೆ ನ್ಯಾಯವಾಗುವುದಿಲ್ಲ.

ಕರ್ಣ ಬಿದ್ದರೆ ಕ್ಯಾಂಟರ್ ಬಿದ್ದ ಎಂಬ ಭಾವನೆಯೂ ಸರಿಯಲ್ಲ. ಈ ಪ್ರಮೇಯವನ್ನು ಅವನು ಮೊದಲು ಸಾಧಿಸಿದ್ದು 1873ರ ಡಿಸೆಂಬರಿನಲ್ಲಿ, ಡೆಡೆಕಿಂಡನಿಗೆ ಬರೆದ ಪತ್ರದಲ್ಲಿ. ಮರುವರ್ಷ ಅದು ಅಚ್ಚಾಯಿತು. ಅಲ್ಲಿ ಕರ್ಣವೂ ಇಲ್ಲ, ದಶಮಾಂಶವೂ ಇಲ್ಲ. ಪಟ್ಟಿಯನ್ನು ನೋಡುತ್ತ, ಒಂದರೊಳಗೊಂದು ಕಿರಿದಾಗುವ ಅಂತರಗಳನ್ನು ಆರಿಸಿಕೊಂಡು, ಪಟ್ಟಿಯ ಯಾವ ಸಂಖ್ಯೆಯೂ ಸೇರದ ಒಂದು ಬಿಂದುವನ್ನು ಹಿಡಿಯುವ ಸಾಧನೆ ಅದು. ಕರ್ಣ ಬಂದದ್ದು 1891ರಲ್ಲಿ.

ಎಂಜಿನಿಯರುಗಳಿಗೆ ಇನ್ನೊಂದು ಸಾಧನೆ ಹೆಚ್ಚು ಹಿಡಿಸಬಹುದು. ನಿಮ್ಮ ಪಟ್ಟಿಯ ಒಂದನೆಯ ಸಂಖ್ಯೆಯ ಮೇಲೆ ಸಂಖ್ಯಾರೇಖೆಯಲ್ಲಿ 1/10 ಉದ್ದದ ಒಂದು ತುಂಡು ಮುಚ್ಚಿ. ಎರಡನೆಯದರ ಮೇಲೆ 1/100, ಮೂರನೆಯದರ ಮೇಲೆ 1/1000. ಎಲ್ಲ ತುಂಡುಗಳ ಒಟ್ಟು ಉದ್ದ 0.111…, ಅಂದರೆ 1/9. ಸೊನ್ನೆಯಿಂದ ಒಂದರವರೆಗಿನ ರೇಖೆಯ ಉದ್ದ 1. ಒಂಬತ್ತನೆಯ ಒಂದು ಭಾಗದಷ್ಟು ಉದ್ದದ ತುಂಡುಗಳಿಂದ ಇಡೀ ರೇಖೆಯನ್ನು ಮುಚ್ಚಲಾಗದು; ತುಂಡುಗಳು ಅನಂತವಾಗಿದ್ದರೂ ಮುಚ್ಚಲಾಗದು ಎಂಬುದಕ್ಕೆ ಎಮಿಲ್ ಬೊರೆಲನ ಪ್ರಮೇಯವಿದೆ, ಅದೇ ಇಲ್ಲಿನ ಜೀವಾಳ. ಆದ್ದರಿಂದ ರೇಖೆಯ ಬಹುಪಾಲು ನಿಮ್ಮ ಪಟ್ಟಿಯ ಹೊರಗಿದೆ. ಭಾಗಲಬ್ಧ ಸಂಖ್ಯೆಗಳು ರೇಖೆಯ ಮೂಲೆಮೂಲೆಯಲ್ಲೂ ಒತ್ತೊತ್ತಾಗಿವೆ, ಯಾವ ಎರಡು ಬಿಂದುಗಳ ನಡುವೆಯೂ ಇವೆ. ಆದರೂ ಅವು ಪಟ್ಟಿಗೆ ಬರುವುದರಿಂದ ಅವನ್ನೆಲ್ಲ ಈ 1/9 ಉದ್ದದೊಳಗೆ ಮುಚ್ಚಿಬಿಡಬಹುದು. ಒತ್ತಾಗಿರುವುದಕ್ಕೂ ಹೆಚ್ಚಾಗಿರುವುದಕ್ಕೂ ಸಂಬಂಧವಿಲ್ಲ ಎಂಬುದು ಇಲ್ಲಿ ಕಾಣುವಷ್ಟು ಚೆನ್ನಾಗಿ ಕರ್ಣದಲ್ಲಿ ಕಾಣುವುದಿಲ್ಲ.

ಇದರಿಂದ ಏನು ಸಿಕ್ಕಿತು ಎಂದು ಕೇಳುವವರಿಗೆ: ಪೂರ್ಣಾಂಕ ಗುಣಾಂಕಗಳ ಬಹುಪದಗಳ ಮೂಲಗಳಾಗಿ ಬರುವ ಸಂಖ್ಯೆಗಳನ್ನು ಬೀಜೀಯ ಸಂಖ್ಯೆ ಎನ್ನುತ್ತಾರೆ. ಹಾಗಲ್ಲದ ಒಂದೇ ಒಂದು ಸಂಖ್ಯೆಯನ್ನು ನೋಡಲು 1844ರಲ್ಲಿ ಲ್ಯೂವಿಲ್ ತೋರಿಸುವವರೆಗೆ ಕಾಯಬೇಕಾಯಿತು. ಇ ಎಂಬ ಸಂಖ್ಯೆ ಬೀಜೀಯವಲ್ಲ ಎಂದು ಎರ್ಮೀತ್ ಸಾಧಿಸಿದ್ದು 1873ರಲ್ಲಿ, ಪೈ ಅಲ್ಲ ಎಂದು ಲಿಂಡೆಮನ್ ಸಾಧಿಸಿದ್ದು 1882ರಲ್ಲಿ. ಒಂದೊಂದಕ್ಕೂ ಅಷ್ಟು ಕಷ್ಟ. ಕ್ಯಾಂಟರ್ 1874ರಲ್ಲಿ ಬೀಜೀಯ ಸಂಖ್ಯೆಗಳನ್ನೆಲ್ಲ ಪಟ್ಟಿ ಮಾಡಬಹುದು, ವಾಸ್ತವ ಸಂಖ್ಯೆಗಳನ್ನು ಮಾಡಲಾಗದು ಎಂದು ತೋರಿಸಿದ. ಹಾಗಾದರೆ ಬೀಜೀಯವಲ್ಲದವೇ ಬಹುಪಾಲು. ಅಪರೂಪದ ಪ್ರಾಣಿಗಳೆಂದು ಹುಡುಕುತ್ತಿದ್ದವೇ ಊರೆಲ್ಲ ತುಂಬಿದ್ದವು. 1936ರಲ್ಲಿ ಅಲನ್ ಟ್ಯೂರಿಂಗ್, ಯಂತ್ರ ಯಾವುದನ್ನು ಲೆಕ್ಕ ಹಾಕಬಲ್ಲದು, ಯಾವುದನ್ನು ಹಾಕಲಾರದು ಎಂದು ತೋರಿಸಲು ಹಿಡಿದದ್ದೂ ಕರ್ಣವನ್ನೇ. ನಿಮ್ಮಲ್ಲಿ ಕಂಪ್ಯೂಟರ್ ಓದಿದವರು, ಕರ್ಣವನ್ನು ತೆಗೆದರೆ ಅಲ್ಲಿ ಏನೇನು ಕುಸಿಯುತ್ತದೆ ಎಂದು ಒಮ್ಮೆ ನೋಡಿ.

ಇನ್ನು ಕ್ಯಾಂಟರನನ್ನು ಮೆಚ್ಚುವವರಲ್ಲೂ ಹರಡಿರುವ ಕೆಲವು ತಪ್ಪುಗಳು. ಅನಂತಗಳು ಎರಡೇ, ಎಣಿಸಬಹುದಾದದ್ದು ಮತ್ತು ಎಣಿಸಲಾಗದ್ದು ಎಂಬುದು ಒಂದು. 1891ರ ಅದೇ ಲೇಖನದ ವಿಚಾರ ಇದನ್ನು ಒಡೆಯುತ್ತದೆ. ಯಾವ ಗಣವನ್ನಾದರೂ ತೆಗೆದುಕೊಳ್ಳಿ, ಅದರ ಒಂದೊಂದು ಅಂಶಕ್ಕೂ ಒಂದೊಂದು ಉಪಗಣವನ್ನು ಹೇಗೆ ಬೇಕಾದರೂ ಹಂಚಿ. ತನಗೆ ಹಂಚಿದ ಉಪಗಣದಲ್ಲಿ ತಾನೇ ಇಲ್ಲದ ಅಂಶಗಳನ್ನೆಲ್ಲ ಒಟ್ಟುಮಾಡಿ. ಆ ಉಪಗಣ ಯಾರಿಗೂ ಹಂಚಿಕೆಯಾಗಿರಲು ಸಾಧ್ಯವಿಲ್ಲ. ಆದ್ದರಿಂದ ಉಪಗಣಗಳ ಗಣ ಯಾವಾಗಲೂ ಹಿರಿದು, ಅದರ ಉಪಗಣಗಳದ್ದು ಅದಕ್ಕಿಂತ ಹಿರಿದು, ಏರಿಕೆಗೆ ಕೊನೆಯಿಲ್ಲ.

ಎರಡನೆಯದು, ವಾಸ್ತವ ಸಂಖ್ಯೆಗಳ ಪ್ರಮಾಣ ಅಲೆಫ್-ಒಂದು ಎಂಬ ಮಾತು. ಜಾರ್ಜ್ ಗ್ಯಾಮೊ 1947ರಲ್ಲಿ ಬರೆದ, ಇಂದಿಗೂ ಜನ ಪ್ರೀತಿಯಿಂದ ಓದುವ ವಿಜ್ಞಾನ ಪುಸ್ತಕದಲ್ಲೂ ಇದು ಸಿದ್ಧ ಸತ್ಯದಂತೆ ಬಂದಿದೆ. ಅಲೆಫ್-ಸೊನ್ನೆ ಸ್ವಾಭಾವಿಕ ಸಂಖ್ಯೆಗಳ ಪ್ರಮಾಣ, ಅಲೆಫ್-ಒಂದು ಅದಾದ ಕೂಡಲೇ ಬರುವ ಅನಂತ. ವಾಸ್ತವ ಸಂಖ್ಯೆಗಳು ಆ ಮೆಟ್ಟಿಲಲ್ಲೇ ಇವೆಯೇ, ಇನ್ನೂ ಮೇಲಿವೆಯೇ? ಅವು ಅಲ್ಲೇ ಇವೆ ಎಂಬುದು ಕ್ಯಾಂಟರನ ಊಹೆ, ಅದನ್ನು ಸಾಧಿಸಲು ಅವನಿಂದ ಆಗಲಿಲ್ಲ. 1900ರಲ್ಲಿ ಹಿಲ್ಬರ್ಟ್ ಮುಂದಿಟ್ಟ ಪ್ರಶ್ನೆಗಳ ಪಟ್ಟಿಯಲ್ಲಿ ಅದೇ ಮೊದಲನೆಯದು. ಒಪ್ಪಿತ ಸ್ವಯಂಸಿದ್ಧಗಳಿಂದ ಅದನ್ನು ಸುಳ್ಳೆಂದು ಸಾಧಿಸಲಾಗದು ಎಂದು ಗೊಡೆಲ್ 1938ರ ಹೊತ್ತಿಗೆ ತೋರಿಸಿದ, ನಿಜವೆಂದೂ ಸಾಧಿಸಲಾಗದು ಎಂದು ಪಾಲ್ ಕೊಹೆನ್ 1963ರಲ್ಲಿ ತೋರಿಸಿದ; ಆ ಸ್ವಯಂಸಿದ್ಧಗಳು ತಮ್ಮಲ್ಲೇ ಘರ್ಷಿಸುವುದಿಲ್ಲ ಎಂಬುದು ಎರಡಕ್ಕೂ ಆಧಾರ. ನಿಮ್ಮಲ್ಲಿ ಕೆಲವರು ಇದನ್ನೇ ಹಿಡಿದು, ನೋಡಿ, ಕ್ಯಾಂಟರನ ವಾದ ಅನಿಶ್ಚಿತ ಎಂದು ಅವರೇ ಒಪ್ಪಿಕೊಂಡರು ಎನ್ನುತ್ತೀರಿ. ಇಲ್ಲ. ಅನಿಶ್ಚಿತವಾದದ್ದು ನಡುವೆ ಮತ್ತೊಂದು ಅನಂತ ಇದೆಯೇ ಎಂಬ ಪ್ರಶ್ನೆ. ವಾಸ್ತವ ಸಂಖ್ಯೆಗಳು ಸ್ವಾಭಾವಿಕ ಸಂಖ್ಯೆಗಳಿಗಿಂತ ಹೆಚ್ಚು ಎಂಬುದು ಅಂದೂ ಪ್ರಮೇಯ, ಇಂದೂ ಪ್ರಮೇಯ.

ಪ್ರಮಾಣ ಹೇಳುವ ಸಂಖ್ಯೆಯನ್ನೂ ಕ್ರಮ ಹೇಳುವ ಸಂಖ್ಯೆಯನ್ನೂ ಬೆರೆಸುವುದು ಇನ್ನೊಂದು. 1, 2, 3… ಎಂಬ ಸಾಲಿನ ಕ್ರಮಕ್ಕೆ ಒಮೇಗಾ ಎಂದು ಹೆಸರು. ಸಾಲಿನ ತಲೆಗೆ ಒಂದನ್ನು ಸೇರಿಸಿದರೆ ಅದೇ ಬಗೆಯ ಸಾಲು, ಕ್ರಮ ಬದಲಾಗದು. ಎಲ್ಲ ಆದ ಮೇಲೆ ಒಂದನ್ನು ಸೇರಿಸಿದರೆ ಕೊನೆಯ ಸದಸ್ಯನಿರುವ ಬೇರೆಯೇ ಸಾಲು, ಕ್ರಮ ಬದಲಾಯಿತು. ಪ್ರಮಾಣ ಎರಡರಲ್ಲೂ ಅದೇ. ಅನಂತಕ್ಕೆ ಒಂದು ಕೂಡಿದರೆ ಅನಂತವೇ ಅಲ್ಲವೇ ಎಂದು ಕೇಳಿದರೆ, ಯಾವ ಅನಂತ, ಎಲ್ಲಿ ಕೂಡಿದ್ದು ಎಂದು ತಿರುಗಿ ಕೇಳಬೇಕಾಗುತ್ತದೆ. ಕ್ಯಾಲ್ಕುಲಸ್ಸಿನ ಮಲಗಿದ ಎಂಟಿನ ಚಿಹ್ನೆ ಇವೆರಡೂ ಅಲ್ಲ. ಅದು ಮಿತಿಯಿಲ್ಲದೆ ಬೆಳೆಯುವುದನ್ನು ಸೂಚಿಸುವ ಗುರುತು ಮಾತ್ರ.

ನಮ್ಮ ನೆಲದ ಒಂದು ವಿಷಯವನ್ನೂ ಹೇಳಬೇಕು, ಯಾಕೆಂದರೆ ಟ್ರಾನ್ಸ್‌ಫೈನೈಟ್ ಸಂಖ್ಯೆಗಳನ್ನು, ಅಂದರೆ ಕ್ಯಾಂಟರನ ಈ ಅನಂತ ಸಂಖ್ಯೆಗಳನ್ನು, ಜೈನ ಆಚಾರ್ಯರು ಸಾವಿರ ವರ್ಷ ಮೊದಲೇ ಕಂಡುಹಿಡಿದಿದ್ದರು ಎಂಬ ಮಾತು ಕನ್ನಡದ ಬರಹ ಭಾಷಣಗಳಲ್ಲಿ ಬರುತ್ತಿರುತ್ತದೆ. ಮೂಡುಬಿದಿರೆಯ ಬಸದಿಯಲ್ಲಿ ಹಳೆಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದ ಧವಲಾ ಟೀಕೆ ನಿಜಕ್ಕೂ ಬೆರಗಿನ ಗ್ರಂಥ. ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಮುಗಿಸಿದರು. ಅಮೋಘವರ್ಷ ನೃಪತುಂಗನ ಗುರು ಜಿನಸೇನರು ಅವರ ಶಿಷ್ಯರು. 1939ರಿಂದ ಅದು ಸಂಪುಟಗಳಾಗಿ ಅಚ್ಚಾದಾಗ ಗಣಿತ ಇತಿಹಾಸಕಾರ ಅವಧೇಶ್ ನಾರಾಯಣ ಸಿಂಗ್ ಅದರ ಗಣಿತವನ್ನು ಕುರಿತು ಬರೆದರು. ಜೈನ ಗಣಿತ ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ವಿಂಗಡಿಸಿ ಒಳಭೇದಗಳನ್ನು ಮಾಡುತ್ತದೆ. ಅನಂತ ಒಂದೇ ಅಲ್ಲ, ಅದರಲ್ಲೂ ತರತಮವಿದೆ ಎಂದು ಅಷ್ಟು ಹಿಂದೆ ಯೋಚಿಸಿದ ಧೈರ್ಯ ದೊಡ್ಡದು. ಇನ್ನೂ ದೊಡ್ಡದೆಂದರೆ, ಧವಲಾದಲ್ಲಿ ಎರಡು ಅನಂತ ರಾಶಿಗಳನ್ನು ಎದುರುಬದುರಾಗಿಟ್ಟು, ಒಂದೊಂದಾಗಿ ಜೊತೆಯಾಗಿ ತೆಗೆಯುತ್ತ ಹೋಗಿ, ಯಾವುದು ಮೊದಲು ತೀರುತ್ತದೆ ಎಂದು ಹೋಲಿಸುವ ವಿಚಾರ ಬರುತ್ತದೆ. ಕಳೆದುಹೋದ ಕಾಲದ ಕ್ಷಣಗಳು ತೀರುತ್ತವೆ, ಜೀವರಾಶಿ ತೀರುವುದಿಲ್ಲ ಎಂಬ ಮಾತು ಅಲ್ಲಿದೆ. ಇದು ಒಂದಕ್ಕೊಂದು ಹೊಂದಿಸುವ ತತ್ತ್ವವೇ ಎಂದು ಸಿಂಗ್ ಗುರುತಿಸಿದರು.

ಅಲ್ಲಿಂದ ಕ್ಯಾಂಟರನವರೆಗೆ ಉಳಿದಿದ್ದ ದೂರವೂ ಇಲ್ಲೇ ಕಾಣುತ್ತದೆ. ಒಂದು ರಾಶಿ ತೀರಿ ಇನ್ನೊಂದು ಉಳಿದರೆ ಆ ಒಂದು ಜೋಡಣೆ ಸೋತಿತು ಎಂದಷ್ಟೇ ಅರ್ಥ. ಸಮಸಂಖ್ಯೆಗಳನ್ನು ತಮ್ಮ ಪಕ್ಕ ತಾವೇ ಇಟ್ಟಾಗ ಬೆಸಸಂಖ್ಯೆಗಳು ಉಳಿದದ್ದೂ ಹೀಗೆಯೇ. ಎಲ್ಲ ಜೋಡಣೆಗಳೂ ಸೋಲುತ್ತವೆ ಎಂದು ಸಾಧಿಸಬೇಕಾದ ಹೊಣೆ ಅಲ್ಲಿ ಎದ್ದಿರಲಿಲ್ಲ. ಅದನ್ನು ಮೊದಲು ಹೊತ್ತು ನಡೆಸಿದ್ದು 1873ರ ಆ ಪತ್ರ. ವೀರಸೇನರಿಗೆ ಸಲ್ಲಬೇಕಾದ ಮನ್ನಣೆ ಅವರು ನಿಜವಾಗಿ ಮಾಡಿದ್ದಕ್ಕೇ ಸಾಕಷ್ಟಿದೆ, ಮಾಡದ್ದನ್ನು ಅವರ ಮೇಲೆ ಹೇರಬೇಕಾಗಿಲ್ಲ. ಹಾಗೆ ಹೇರುವವರು ಆ ಸಂಪುಟಗಳನ್ನು ಓದಿ ಬರೆಯಲಿ ಎಂಬುದು ನನ್ನ ಬಿನ್ನಹ. ಕನ್ನಡದಲ್ಲಿ ಆ ಗಣಿತವನ್ನು ವಿವರವಾಗಿ ಬಿಡಿಸಿ ಹೇಳುವ ಕೆಲಸಕ್ಕೆ ಜನ ಬೇಕಾಗಿದ್ದಾರೆ.

ಕ್ಯಾಂಟರ್ ಅನಂತವನ್ನು ಯೋಚಿಸಿಯೇ ಹುಚ್ಚನಾದ ಎಂಬ ಕತೆಯನ್ನು ದಯವಿಟ್ಟು ಬಿಡಿ. ಅವನಿಗೆ ಮನಸ್ಸಿನ ಕಾಯಿಲೆ ಇತ್ತು, 1884ರಿಂದ ಮತ್ತೆ ಮತ್ತೆ ಮರುಕಳಿಸಿತು, 1918ರಲ್ಲಿ ಹಾಲೆ ನಗರದ ಆಸ್ಪತ್ರೆಯಲ್ಲೇ ತೀರಿಕೊಂಡ. ಅವನ ಬದುಕನ್ನು ಅಭ್ಯಾಸ ಮಾಡಿದ ಇತಿಹಾಸಕಾರರು ಅದನ್ನು ಕಾಯಿಲೆಯೆಂದೇ ನೋಡಿದ್ದಾರೆ. ಕಾಯಿಲೆ ಬಿದ್ದ ಮನುಷ್ಯನ ಸಾಧನೆ ಅವನ ಕಾಯಿಲೆಯಿಂದ ಸುಳ್ಳಾಗುವುದೂ ಇಲ್ಲ, ನಿಜವಾಗುವುದೂ ಇಲ್ಲ.

ಮುಂದಿನ ಬರಹ ಕಳಿಸುವ ಮೊದಲು ನಿಮ್ಮಲ್ಲಿ ಒಂದು ಕೋರಿಕೆ. ವಾದದ ಯಾವ ಹೆಜ್ಜೆ ತಪ್ಪು ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ. ಎಲ್ಲ ವಾಸ್ತವ ಸಂಖ್ಯೆಗಳ ಪಟ್ಟಿ ನಿಮ್ಮಲ್ಲಿದ್ದರೆ, ಮೂರನೆಯ ಒಂದು ಎಷ್ಟನೆಯ ಸಾಲಿನಲ್ಲಿದೆ, ಎರಡರ ವರ್ಗಮೂಲದ ಅರ್ಧ ಎಷ್ಟನೆಯ ಸಾಲಿನಲ್ಲಿದೆ ಎಂದು ಅಂಕಿಯಲ್ಲಿ ಹೇಳಿ. ಆಮೇಲೆ ನಿಮ್ಮ ಪಟ್ಟಿಯ ಕರ್ಣದ ಸಂಖ್ಯೆ ಎಷ್ಟನೆಯ ಸಾಲಿನಲ್ಲಿದೆ ಎಂದೂ ಹೇಳಿ. ಆ ಮೂರು ಕ್ರಮಾಂಕಗಳಿರುವ ಬರಹವನ್ನು ನಾನು ಕೂತು ಕೊನೆಯವರೆಗೆ ಓದುತ್ತೇನೆ.

ಜಗಳದ ಹುಮ್ಮಸ್ಸು ಇನ್ನೂ ಉಳಿದಿದ್ದರೆ ಒಂದು ಲೆಕ್ಕವಿದೆ. ಮೊದಲ ಗಣ ಎರಡನೆಯದರ ಒಂದು ಭಾಗದೊಂದಿಗೆ ಜೋಡಿಯಾಗುತ್ತದೆ, ಎರಡನೆಯದು ಮೊದಲನೆಯದರ ಒಂದು ಭಾಗದೊಂದಿಗೆ ಜೋಡಿಯಾಗುತ್ತದೆ. ಹಾಗಿದ್ದರೆ ಎರಡೂ ಒಂದಕ್ಕೊಂದು ಪೂರ್ತಿ ಜೋಡಿಯಾಗುತ್ತವೆಯೇ? ಕೇಳಿದರೆ ಇದೇನು ಮಹಾ ಎನ್ನಿಸುತ್ತದೆ. ಪುಸ್ತಕ ತೆರೆಯದೆ ಸಾಧಿಸಲು ಕೂತು ನೋಡಿ. ಶ್ರೋಡರ್ ಮತ್ತು ಬರ್ನ್‌ಸ್ಟೈನ್ ಇವರ ಹೆಸರಿನಲ್ಲಿರುವ ಪ್ರಮೇಯ ಅದು. ಜೋಡಣೆಗಳ ಜೊತೆ ಕೆಲಸ ಮಾಡುವುದೆಂದರೆ ಏನೆಂದು ಅದರಷ್ಟು ಚೆನ್ನಾಗಿ ಕಲಿಸುವ ಇನ್ನೊಂದನ್ನು ನಾನು ಕಂಡಿಲ್ಲ. ನಿಮ್ಮ ಸಾಧನೆ ಸಿಕ್ಕರೆ, ಅರ್ಧ ಸಿಕ್ಕರೂ, ಬರೆದು ಕಳಿಸಿ.

ಇಂತಿ,
ನಿಮ್ಮ ವಿಶ್ವಾಸಿ,
ಒಬ್ಬ ಗಣಿತದ ಮೇಷ್ಟ್ರು